ಪದಚರ್ಚೆ: ಮುರಿದ ಪಾದಕ್ಕೆ ಹಾಕುವ ಬೂಟಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪಾದದ ಮೂಳೆ ಮುರಿದವರಿಗೆ ಕೊಡುವ ಸೂಚನೆಗಳ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡೇ ಪುಟ. ಆದರೆ ‘ವಾಕಿಂಗ್ ಬೂಟ್’ ಅನ್ನುವ ಕಡೆ ಬಂದು ಕೂತುಬಿಟ್ಟಿದ್ದೇನೆ.

ಮೊದಲು ‘ನಡಿಗೆ ಬೂಟು’ ಎಂದು ಬರೆದೆ. ಓದಿದವರೊಬ್ಬರು, “ಬೆಳಗ್ಗೆ ವಾಕಿಂಗ್ ಹೋಗೋರು ಹಾಕ್ಕೋತಾರಲ್ಲ, ಅದಾ?” ಎಂದರು. ‘ವಾಕರ್ ಬೂಟು’ ಅಂದರೆ ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರ್ ನೆನಪಾಗುತ್ತದೆ. ‘ರಕ್ಷಣಾ ಪಾದರಕ್ಷೆ’ಯಂತೂ ಬೇಡವೇ ಬೇಡ. ರಕ್ಷೆಗೇ ರಕ್ಷಣೆ!

ವಸ್ತು ಹೀಗಿದೆ: ಮೊಣಕಾಲಿನ ಸ್ವಲ್ಪ ಕೆಳಗಿನವರೆಗೂ ಬರುತ್ತದೆ. ಎರಡು ಪಕ್ಕಕ್ಕೂ ಗಟ್ಟಿ ಪಟ್ಟಿ, ಒಳಗೆ ಮೆತ್ತೆ, ಬಿಗಿಯಲು ವೆಲ್ಕ್ರೋ. ಅಟ್ಟೆ ತೊಟ್ಟಿಲ ಕಾಲಿನ ಹಾಗೆ ಬಾಗಿರುವುದರಿಂದ ಪಾದ ಮಡಚದೆಯೇ ಹೆಜ್ಜೆ ಮುಂದಕ್ಕೆ ಉರುಳುತ್ತದೆ. ಅಂದರೆ ಇದು ಹೆಸರಿಗೆ ಬೂಟು, ಕೆಲಸ ದಬ್ಬೆಯದು. ಮುರಿದ ಕೈಕಾಲಿಗೆ ಬಿದಿರಿನ ದಬ್ಬೆ ಕಟ್ಟುತ್ತಿದ್ದರಲ್ಲ, ಅದೇ. ಹಾಗಾಗಿ ನನ್ನ ಮನಸ್ಸು ‘ದಬ್ಬೆ ಬೂಟು’ ಕಡೆ ವಾಲಿದೆ. ದಬ್ಬೆ ಅಂದರೇನು ಅಂತ ಕೇಳುವವರು ಈಗ ಜಾಸ್ತಿ ಇದ್ದಾರೆ ಅನ್ನುವುದೊಂದೇ ಅಳುಕು.

ಬೆರಳು ಮುರಿದವರಿಗೆ ಸಾಮಾನ್ಯವಾಗಿ ಇಷ್ಟು ದೊಡ್ಡದು ಬೇಕಾಗುವುದಿಲ್ಲ. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ, 4ರಿಂದ 6 ವಾರ ಬಾಗದ ಅಟ್ಟೆಯ ಶೂ ಹಾಕಿಸುತ್ತಾರೆ. ಇದಕ್ಕೆ ‘ಗಟ್ಟಿ ಅಟ್ಟೆ ಚಪ್ಪಲಿ’ ಸಾಕು ಅನಿಸುತ್ತದೆ. ಭಾರವೆಲ್ಲ ಹಿಂದೆ ಬೀಳುವಂತೆ ಹಿಂಭಾಗ ಮಾತ್ರ ದಪ್ಪ ಇರುವುದೂ ಒಂದಿದೆ. ಅದು ‘ಹಿಮ್ಮಡಿ ಚಪ್ಪಲಿ’.

‘ಜೋಡು’ ಎಂಬ ಹಳೆಯ ಪದವನ್ನು ಬಳಸುವ ಆಸೆಯಿತ್ತು. ಆದರೆ ಇವನ್ನು ಹಾಕುವುದು ಒಂದೇ ಕಾಲಿಗೆ. ಒಂಟಿ ಜೋಡು! ಇನ್ನು ಎಕ್ಕಡ, ಕೆರ ಎರಡೂ ಬೈಗುಳಕ್ಕೆ ಮೀಸಲಾಗಿ ಹೋಗಿವೆ. ನೋವಿನಲ್ಲಿರುವವರ ಕೈಗೆ ಕೊಡುವ ಹಾಳೆಯಲ್ಲಿ ಹೇಗೆ ಬರೆಯಲಿ?

ಒಂದು ಪದ ಮಾತ್ರ ಸಲೀಸಾಗಿ ಸಿಕ್ಕಿತು. ಮೊದಲ ಕರಡಿನಲ್ಲಿ ‘ಭಾರಧಾರಣೆ ನಿಷಿದ್ಧ’ ಎಂದಿತ್ತು. ಹೊಡೆದುಹಾಕಿ ‘ಕಾಲೂರಬೇಡಿ’ ಎಂದು ಬರೆದೆ. ಊರುಗೋಲಿನಲ್ಲಿರುವ ಊರು ಇದೇ. ತೊಡಕಿರುವುದು ಅರ್ಧ ಭಾರ ಹಾಕಬಹುದು ಎನ್ನುವಾಗ. ‘ಮೆಲ್ಲಗೆ ಊರಿ’ ಅಂದರೆ ನಿಧಾನವಾಗಿ ಪೂರ್ತಿ ಭಾರ ಹಾಕಿ ಎಂದೂ ಅರ್ಥವಾಗಬಹುದು. ಇದು ಸುಮ್ನೆ ಪದದ ಜಗಳವಲ್ಲ. ಕಿರುಬೆರಳಿಗೆ ಸೇರಿದ ಪಾದದ ಹೊರಅಂಚಿನ ಮೂಳೆಯಲ್ಲಿ ಆಗುವ ಜೋನ್ಸ್ ಮುರಿತವನ್ನೇ ನೋಡಿ. ಅಲ್ಲಿ ರಕ್ತ ಓಡಾಟ ಕಡಿಮೆ, ಮೂಳೆ ಕೂಡುವುದು ನಿಧಾನ. ಅದಕ್ಕೇ ಎಷ್ಟೋ ಸಲ ಕೆಲವು ವಾರ ಕಾಲೂರಲೇ ಬಾರದು ಅನ್ನುತ್ತಾರೆ. (1902ರಲ್ಲಿ ಇದನ್ನು ವಿವರಿಸಿದ ರಾಬರ್ಟ್ ಜೋನ್ಸ್ ಎಂಬ ವೈದ್ಯರು ಕುಣಿಯುವಾಗ ತಮ್ಮ ಪಾದವನ್ನೇ ಹೀಗೆ ಮುರಿದುಕೊಂಡಿದ್ದರು.)

‘ಅರೆಭಾರ ಊರಿ’ ಎಂದರೆ ಕೇಳಿದ ತಕ್ಷಣ ತಿಳಿಯುತ್ತದೆಯೇ? ನಿಮ್ಮ ಕಡೆ ಇದಕ್ಕೆ ಆಡುಮಾತೇನಾದರೂ ಇದ್ದರೆ ಹೇಳಿ. ‘ದಬ್ಬೆ ಬೂಟು’ ಕಿವಿಗೆ ಒರಟು ಅನಿಸಿದರೆ ಅದನ್ನೂ ಹೇಳಿ, ಬೇಸರವಿಲ್ಲ.