ಹೊಸ ರ‍್ಯಾಮ್ ಹಾಕಿಸಿದಾಗಿನಿಂದ ನೀಲಿ ಪರದೆ, ಕೆಲಸವೆಲ್ಲ ನಿಂತಿದೆ

ಡಿಟಿಪಿ_ದಾವಣಗೆರೆ
ಅಂಗಡಿಯ ಸಿಸ್ಟಮ್‌ಗೆ 8 ಜಿಬಿ ರ‍್ಯಾಮ್ ಸಾಲುತ್ತಿರಲಿಲ್ಲ. ಇನ್ನೊಂದು 8 ಜಿಬಿ ಹಾಕಿಸಿದೆ. ಅವತ್ತಿಂದ ತಲೆನೋವು ಶುರು. ಫೋಟೋಶಾಪ್‌ನಲ್ಲಿ ದೊಡ್ಡ ಫ್ಲೆಕ್ಸ್ ಫೈಲ್ ತೆರೆದರೆ ಸಾಕು, ನೀಲಿ ಪರದೆ ಬಂದು ರೀಸ್ಟಾರ್ಟ್. ಸುಮ್ನೆ ನುಡಿಯಲ್ಲಿ ಟೈಪ್ ಮಾಡುವಾಗಲೂ ಒಮ್ಮೊಮ್ಮೆ ಹೀಗೇ. ವಿಂಡೋಸ್ ಹೊಸದಾಗಿ ಹಾಕಿದ್ದಾಯಿತು, ಆಂಟಿವೈರಸ್ ತೆಗೆದಿದ್ದೂ ಆಯಿತು. ರ‍್ಯಾಮ್ ಕೊಟ್ಟವರು "ನಮ್ಮಲ್ಲಿ ಚೆನ್ನಾಗೇ ಓಡ್ತಿತ್ತಲ್ಲ" ಅಂತಾರೆ. ಮದುವೆ ಸೀಸನ್ ಬೇರೆ, ಕಾರ್ಡಿನ ಆರ್ಡರ್ ಎಲ್ಲ ಹಾಗೇ ಕೂತಿವೆ. ಯಾರಾದರೂ ಹೇಳಿ.

ಓವರ್‌ಕ್ಲಾಕ್_ಗುರು
ಎಕ್ಸ್‌ಎಂಪಿ. ಅದೇ, ರ‍್ಯಾಮ್ ಅನ್ನು ಮಾಮೂಲಿಗಿಂತ ವೇಗವಾಗಿ ಓಡಿಸುವ ಸೆಟ್ಟಿಂಗ್. ಕಣ್ಣು ಮುಚ್ಚಿ ಹೇಳುತ್ತೇನೆ. ಹೊಸದರ ಸ್ಪೀಡು 3200 ಇರುತ್ತೆ, ಹಳೇದರದು 2666 ಇರುತ್ತೆ. ಎಕ್ಸ್‌ಎಂಪಿ ಆನ್ ಇದ್ದರೆ ಬೋರ್ಡು ಎರಡನ್ನೂ 3200ಕ್ಕೆ ಓಡಿಸಲು ನೋಡುತ್ತೆ. ಹಳೇದಕ್ಕೆ ಆಗಲ್ಲ. ಬಯಾಸ್‌ಗೆ (ವಿಂಡೋಸ್‌ಗೂ ಮುಂಚೆ ಬರುವ ಬೋರ್ಡಿನ ಸೆಟ್ಟಿಂಗ್) ಹೋಗಿ ಆಫ್ ಮಾಡಿ ಬ್ರದರ್. ಆಗಲೂ ಸರಿಹೋಗದಿದ್ದರೆ ವೋಲ್ಟೇಜ್ 1.35ಕ್ಕೆ ಏರಿಸಿ.

ಕೋಟೆ_ಕಂಪ್ಯೂಟರ್
ವೋಲ್ಟೇಜ್ ಮುಟ್ಟಬೇಡಿ ದಯವಿಟ್ಟು. ಡಿಡಿಆರ್4 ರ‍್ಯಾಮ್‌ಗೆ ಮಾಮೂಲಿ 1.2 ವೋಲ್ಟ್. ಮೊದಲು ಬೋರ್ಡು ಯಾವುದು, ಪ್ರೊಸೆಸರ್ ಯಾವುದು, ನೀಲಿ ಪರದೆಯ ಕೆಳಗೆ ಏನು ಬರೆದಿರುತ್ತೆ, ಅದನ್ನು ಹಾಕಿ.

ಡಿಟಿಪಿ_ದಾವಣಗೆರೆ
ಇಂಟೆಲ್ ಬೋರ್ಡು, ಐ5. ಪರದೆ ಮೇಲೆ ಒಂದೊಂದು ಸಲ ಒಂದೊಂದು. ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಜಾಸ್ತಿ ಬರುತ್ತೆ. ಐಆರ್‌ಕ್ಯೂಎಲ್ ಅಂತ ಇನ್ನೊಂದು. ಓದುವಷ್ಟರಲ್ಲಿ ಹೋಗಿಬಿಡುತ್ತೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋದೇ ಕಾಣಲಿಲ್ಲ. ಆಮೇಲೆ, ಬ್ರದರ್ ಅಲ್ಲ ನಾನು.

ಓವರ್‌ಕ್ಲಾಕ್_ಗುರು
ಸಾರಿ ಮೇಡಂ. ಇರುತ್ತೆ ನೋಡಿ, ಅಡ್ವಾನ್ಸ್ಡ್ ಮೋಡ್ ಒಳಗೆ. ಕೆಲವು ಬೋರ್ಡಿನಲ್ಲಿ ಡಿಒಸಿಪಿ ಅಂತ ಇರುತ್ತೆ.

ಕೋಟೆ_ಕಂಪ್ಯೂಟರ್
ಡಿಒಸಿಪಿ ಎಎಂಡಿ ಬೋರ್ಡಿನಲ್ಲಿ ಬರೋದು ಗುರುಗಳೇ. ಅವರದು ಇಂಟೆಲ್.

ಓವರ್‌ಕ್ಲಾಕ್_ಗುರು
ಹೆಸರು ಬೇರೆ, ಕೆಲಸ ಒಂದೇ. ನಾನು ಹೇಳಿದ್ದು ತತ್ವ.

ಮಂಡಕ್ಕಿ_ಮಿರ್ಚಿ
ಅಲ್ರೀ, ಕರೆಂಟು ನೋಡಿದಿರಾ? ನಮ್ಮ ಕಡೆ ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿತ ಎಷ್ಟಿರುತ್ತೆ ಅಂತ ಎಲ್ಲರಿಗೂ ಗೊತ್ತು. ಅರ್ಥಿಂಗ್ ಚೆಕ್ ಮಾಡಿಸಿ. ಯುಪಿಎಸ್ ಬ್ಯಾಟರಿ ಯಾವಾಗ ಬದಲಾಯಿಸಿದ್ದು?

ಕೋಟೆ_ಕಂಪ್ಯೂಟರ್
ಅರ್ಥಿಂಗ್ ಇರಬೇಕು, ಸರಿ. ಆದರೆ ಕರೆಂಟು ಕೈಕೊಟ್ಟರೆ ಸಿಸ್ಟಮ್ ಧಪ್ ಅಂತ ಆಫ್ ಆಗುತ್ತೆ. ನೀಲಿ ಪರದೆ ತೋರಿಸಿ, ದೋಷದ ವಿವರದ ಫೈಲ್ ಬರೆದು, ಆಮೇಲೆ ರೀಸ್ಟಾರ್ಟ್ ಆಗುವಷ್ಟು ಪುರುಸೊತ್ತು ಅದಕ್ಕೆಲ್ಲಿ?

ಜಂಬೋ_64
ನಾನಂತೂ ಈ ಹಳೇ ಹೊಸದು ಬೆರೆಸುವ ಸಹವಾಸಕ್ಕೇ ಹೋಗಲ್ಲ. ರೈಜೆನ್ 9, 64 ಜಿಬಿ ಡಿಡಿಆರ್5, 6000 ಸ್ಪೀಡು, ಎರಡೇ ಸ್ಟಿಕ್ಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೇ ತಂದಿದ್ದು. ಡಿಡಿಆರ್5ನಲ್ಲಿ ಇಸಿಸಿ ಒಳಗೇ ಇರುತ್ತೆ, ತಪ್ಪಾದರೆ ತಾನೇ ಸರಿಮಾಡಿಕೊಳ್ಳುತ್ತೆ. ಫೋಟೋ ಹಾಕಲಾ?

ಕೋಟೆ_ಕಂಪ್ಯೂಟರ್
ಅದು ಚಿಪ್ಪಿನ ಒಳಗಿನ ಇಸಿಸಿ ಮಾತ್ರ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಕೆಟ್ಟರೆ ಅದಕ್ಕೆ ಗೊತ್ತಾಗಲ್ಲ. ಸರ್ವರ್ ಇಸಿಸಿ ಬೇರೆ. ಫೋಟೋ ಬೇಡ.

ಓವರ್‌ಕ್ಲಾಕ್_ಗುರು
ಮೇಡಂ, ಸ್ಟಿಕ್ಕುಗಳು 2 ಮತ್ತು 4ನೇ ಸ್ಲಾಟ್‌ನಲ್ಲಿವೆಯಾ? ಅಕ್ಕಪಕ್ಕ ಹಾಕಿದ್ದರೆ ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಓಡೋದು) ಬರಲ್ಲ.

ಡಿಟಿಪಿ_ದಾವಣಗೆರೆ
ನಾಲ್ಕನೇದು ಎಲ್ಲಿಂದ ತರಲಿ? ಇರೋದೇ ಎರಡು. ಬೋರ್ಡಿನ ಮೇಲೆ ಎಚ್310 ಅಂತ ಬರೆದಿದೆ. ಪ್ರೊಸೆಸರ್ ಐ5 9400. 2019ರಲ್ಲಿ ಜೋಡಿಸಿದ್ದು. ಅವತ್ತಿಂದ ಒಂದೇ ಸ್ಟಿಕ್ಕಿನಲ್ಲಿ ಓಡುತ್ತಿತ್ತು.

ಕೋಟೆ_ಕಂಪ್ಯೂಟರ್
ಅಬ್ಬಾ, ಇದು ಮೊದಲೇ ಗೊತ್ತಾಗಿದ್ದರೆ ಅರ್ಧ ಮಾತು ಉಳಿಯುತ್ತಿತ್ತು. ಐ5 9400ಗೆ ಮೆಮೊರಿ ಸ್ಪೀಡಿನ ಮಿತಿ 2666. ಎಚ್310 ಬೋರ್ಡು ಅದಕ್ಕಿಂತ ವೇಗವಾಗಿ ಓಡಿಸಲ್ಲ. 3200ರ ಸ್ಟಿಕ್ಕು ಹಾಕಿದರೂ 2666ಕ್ಕೆ ಇಳಿದೇ ನಡೆಯುತ್ತೆ. ಹಾಗಾಗಿ ಎಕ್ಸ್‌ಎಂಪಿ ಕಥೆ ಇಲ್ಲಿಗೆ ಮುಗಿಯಿತು.

ಈಗ ಒಂದು ಕೆಲಸ ಮಾಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಸಹಿ ಇಲ್ಲದ ಪ್ರೋಗ್ರಾಂ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಅಡ್ಡ ಬಂದರೆ ಬಯಾಸ್‌ನಲ್ಲಿ ಆಫ್ ಮಾಡಿ. ವಿಂಡೋಸ್ ಜೊತೆ ಬರುವ ಮೆಮೊರಿ ಟೆಸ್ಟ್ ಪಾಸ್ ಆಯಿತು ಅಂತ ನಂಬಬೇಡಿ, ಅದು ಎಷ್ಟೋ ದೋಷ ಬಿಟ್ಟುಬಿಡುತ್ತೆ. ಹಳೇ ಸ್ಟಿಕ್ಕು ಒಂದನ್ನೇ ಹಳೇ ಸ್ಲಾಟ್‌ನಲ್ಲಿಟ್ಟು ಓಡಿಸಿ. ಆಮೇಲೆ ಹೊಸದನ್ನು ಅದೇ ಸ್ಲಾಟ್‌ನಲ್ಲಿ. ಆಮೇಲೆ ಎರಡನ್ನೂ ಒಂದೊಂದಾಗಿ ಇನ್ನೊಂದು ಸ್ಲಾಟ್‌ನಲ್ಲಿ. ಒಂದೇ ಒಂದು ಕೆಂಪು ಸಾಲು ಬಂದರೂ ಅದು ಫೇಲ್, "ಒಂದೇ ತಾನೆ" ಅನ್ನಬೇಡಿ. ಇದು ಮುಗಿಯುವವರೆಗೆ ಗಿರಾಕಿಗಳ ಫೈಲ್ ಈ ಸಿಸ್ಟಮ್‌ನಲ್ಲಿ ಸೇವ್ ಮಾಡಬೇಡಿ. ಮೆಮೊರಿಯಲ್ಲಿ ಕೆಟ್ಟಿದ್ದು ಡಿಸ್ಕಿಗೂ ಹಾಗೇ ಇಳಿಯುತ್ತೆ.

ಓವರ್‌ಕ್ಲಾಕ್_ಗುರು
ಪ್ಲಸ್ ಯಾಕೆ? ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಒಳ್ಳೇದು. ಸೆಕ್ಯೂರ್ ಬೂಟ್ ಮುಟ್ಟುವುದೇ ಬೇಡ. ಪ್ಲಸ್ ವರ್ಷಗಟ್ಟಲೆ ಮಲಗಿತ್ತು.

ಕೋಟೆ_ಕಂಪ್ಯೂಟರ್
2022ರಲ್ಲಿ ಪ್ಲಸ್‌ನ 6ನೇ ಆವೃತ್ತಿ ಬಂತು, ಹೊಸ ಬಗೆಯ ಬಯಾಸ್ ಆದ ಯುಇಎಫ್‌ಐನಲ್ಲೂ ಓಡುತ್ತೆ. ನಿಮ್ಮ ಪುಕ್ಕಟೆ ಆವೃತ್ತಿ ನಾಲ್ಕು ಸುತ್ತಿಗೆ ನಿಲ್ಲುತ್ತೆ. ಯಾವುದಾದರೂ ಹಾಕಲಿ ಬಿಡಿ, ಓಡಿಸಿದರೆ ಸಾಕು.

ಡಿಟಿಪಿ_ದಾವಣಗೆರೆ
ಮಾಡಿದೆ. ಹಳೇ ಸ್ಲಾಟ್‌ನಲ್ಲಿ ಎರಡೂ ಸ್ಟಿಕ್ಕು ಪಾಸ್. ಹೊಸ ಸ್ಲಾಟ್‌ನಲ್ಲಿ ಎರಡೂ ಫೇಲ್, ಹಳೇದು ಕೂಡ! ಅಂದರೆ ಹೊಸ ರ‍್ಯಾಮ್ ಸರಿ ಇದೆ ಅಂತಾಯಿತಲ್ವಾ?

ಕೋಟೆ_ಕಂಪ್ಯೂಟರ್
ಹೌದು, ತೊಂದರೆ ಇರೋದು ಸ್ಲಾಟ್‌ನಲ್ಲಿ ಅಥವಾ ಆ ಚಾನೆಲ್‌ನಲ್ಲಿ. ಇಷ್ಟು ವರ್ಷ ಖಾಲಿ ಬಿದ್ದಿದ್ದ ಸ್ಲಾಟ್ ಅದು. ಅಂಗಡಿ ಎಲ್ಲಿ?

ಡಿಟಿಪಿ_ದಾವಣಗೆರೆ
ಮಂಡಿಪೇಟೆ ಕಡೆ. ಬಾಗಿಲು ಇಡೀ ದಿನ ತೆರೆದೇ ಇರುತ್ತೆ.

ಮಂಡಕ್ಕಿ_ಮಿರ್ಚಿ
ಹಾಗಾದರೆ ಧೂಳೇ. ಸ್ಟಿಕ್ಕಿನ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ನಮ್ಮ ಏರಿಯಾದಲ್ಲಿ ಎಲ್ಲರೂ ಅದನ್ನೇ ಮಾಡೋದು.

ಕೋಟೆ_ಕಂಪ್ಯೂಟರ್
ರಬ್ಬರ್ ಬೇಡ. ಲೇಪನ ತೆಳ್ಳಗಿರುತ್ತೆ, ಅದು ಸವೆಯುತ್ತೆ. ಪುಡಿ ಸ್ಲಾಟ್ ಒಳಗೆ ಸೇರಿಕೊಂಡರೆ ಇನ್ನೊಂದು ಕಾಟ. ಅದೂ ಅಲ್ಲದೆ ಇಲ್ಲಿ ಸ್ಟಿಕ್ಕು ಕೊಳೆಯಾಗಿಲ್ಲ, ಸ್ಲಾಟ್ ಆಗಿದೆ.

ಮಂಡಕ್ಕಿ_ಮಿರ್ಚಿ
ಹತ್ತು ವರ್ಷದಿಂದ ಉಜ್ಜುತ್ತಿದ್ದೇನೆ ಸ್ವಾಮಿ, ಒಂದೂ ಸತ್ತಿಲ್ಲ.

ಕೋಟೆ_ಕಂಪ್ಯೂಟರ್
ಉಜ್ಜಿ, ನಿಮ್ಮದನ್ನು ಉಜ್ಜಿ. ಅಕ್ಕ, ನೀವು ವೈರು ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಬ್ಲೋವರ್‌ನಿಂದ ಸ್ಲಾಟ್ ಊದಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬ್ರಷ್ ಆಡಿಸಿ, ಪೂರ್ತಿ ಒಣಗಲು ಬಿಡಿ. ಆಗಲೂ ಫೇಲ್ ಆದರೆ ಪ್ರೊಸೆಸರ್ ಮೇಲಿನ ಕೂಲರ್ ಬಿಚ್ಚಿ ನೋಡಬೇಕು. ರ‍್ಯಾಮ್ ನಿಭಾಯಿಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇರೋದು. ಪ್ರೊಸೆಸರ್ ಕೂರುವ ಎಲ್‌ಜಿಎ 1151 ಸಾಕೆಟ್‌ನ ಒಂದು ಪಿನ್ ಬಾಗಿದ್ದರೂ ಒಂದು ಚಾನೆಲ್ ಹೋಗುತ್ತೆ. ಅದನ್ನು ನೀವೊಬ್ಬರೇ ಮಾಡಬೇಡಿ. ಭಾನುವಾರ ದಾವಣಗೆರೆಗೆ ಬರುವವನಿದ್ದೇನೆ, ಬೇಕಾದರೆ ನೋಡುತ್ತೇನೆ.

ಜಂಬೋ_64
ನನ್ನ ಕೇಸಿಗೆ ಡಸ್ಟ್ ಫಿಲ್ಟರ್ ಮೂರು ಕಡೆ ಇದೆ. ಫ್ಯಾನ್ ಆರು.

ಡಿಟಿಪಿ_ದಾವಣಗೆರೆ
ಸ್ಲಾಟ್‌ನಿಂದ ಏನೇನು ಬಂತು ಅಂತ ಹೇಳಲ್ಲ. ಎರಡೂ ಸ್ಟಿಕ್ಕು ಹಾಕಿ ರಾತ್ರಿಯಿಡೀ ಟೆಸ್ಟ್ ಓಡಿಸಿದೆ, ಕೆಂಪು ಸಾಲು ಬರಲಿಲ್ಲ. ಬೆಳಗ್ಗೆಯಿಂದ ಫ್ಲೆಕ್ಸ್ ಮಾಡುತ್ತಿದ್ದೇನೆ.

ಕೋಟೆ_ಕಂಪ್ಯೂಟರ್
ಒಳ್ಳೇದು. ವಿಂಡೋಸ್ ಫೈಲುಗಳನ್ನು ಪರೀಕ್ಷಿಸಿ ಸರಿಮಾಡುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಕಮಾಂಡ್ ಒಮ್ಮೆ ಓಡಿಸಿ. ವಿಂಡೋಸ್ ಹಾಕಿದ್ದೂ ಈ ಕೆಟ್ಟ ಸ್ಲಾಟ್ ಇದ್ದಾಗಲೇ ತಾನೆ? ಆ ದಿನಗಳಲ್ಲಿ ಸೇವ್ ಮಾಡಿದ ಕಾರ್ಡ್ ಫೈಲುಗಳನ್ನು ಪ್ರಿಂಟಿಗೆ ಹೋಗುವ ಮುಂಚೆ ತೆರೆದು ನೋಡಿ.

ಓವರ್‌ಕ್ಲಾಕ್_ಗುರು
ಆದರೂ ಬಯಾಸ್ ಅಪ್‌ಡೇಟ್ ಮಾಡಿದರೆ ಎಕ್ಸ್‌ಎಂಪಿ ಬರಬಹುದು.

ಮಂಡಕ್ಕಿ_ಮಿರ್ಚಿ
ಅರ್ಥಿಂಗ್ ಮಾತ್ರ ಮರೀಬೇಡಿ.

ಜಂಬೋ_64
ಮೇಡಂ, ತಂಗಿ ಮದುವೆ ಇದೆ. 500 ಕಾರ್ಡಿಗೆ ಎಷ್ಟಾಗುತ್ತೆ?