ಸಿಗರೇಟ್ ಟ್ಯಾಕ್ಸ್ ಏರಿಸಿದ್ರೆ ಜನ ನಿಜವಾಗ್ಲೂ ಬಿಡ್ತಾರಾ?

ಹುಣಸೂರು ಹೈದ:
ನಮ್ದು ಹುಣಸೂರು ಹತ್ರ ಹಳ್ಳಿ, ಹೊಗೆಸೊಪ್ಪು ಬೆಳೀತೀವಿ, ಲೈಸೆನ್ಸು, ಸೊಪ್ಪು ಒಣಗಿಸಿ ಹದ ಮಾಡೋ ಬ್ಯಾರನ್ನು ಎಲ್ಲಾ ಇದೆ. ಸಿಗರೇಟ್ ಟ್ಯಾಕ್ಸ್ ಏರಿದಾಗೆಲ್ಲಾ ಊರಲ್ಲಿ ಒಂದೇ ಮಾತು, ಇನ್ನು ಹರಾಜಲ್ಲಿ ರೇಟ್ ಬಿದ್ದೋಯ್ತದೆ ಅಂತ. ಮೈಸೂರಲ್ಲಿ ಓದ್ತಿರೋ ತಂಗಿ ಮಾತ್ರ ಟ್ಯಾಕ್ಸ್ ಏರಿಸಿದ್ರೇನೇ ಬಡವ್ರು ಸೇದೋದು ಬಿಡೋದು ಅಂತಾಳೆ. ನಮ್ಮಪ್ಪ ದಿನಾ ಬೀಡಿ ಸೇದ್ತಾರೆ, ಅವ್ರೇನೂ ಬಿಟ್ಟಿಲ್ಲ. ಇದ್ರಿಂದ ಜನ ಬಿಡ್ತಾರಾ ಇಲ್ಲ ಬರೀ ಸರ್ಕಾರದ ಬೊಕ್ಕಸ ತುಂಬುತ್ತಾ?

ಲೆಕ್ಕದ ಮೇಷ್ಟ್ರು, ಮೈಸೂರು:
ಎರಡೂ ಆಗುತ್ತೆ. ನಮ್ಮಂಥ ದೇಶಗಳಲ್ಲಿ ರೇಟ್ 10% ಏರಿದ್ರೆ ಬಳಕೆ ಸುಮಾರು 5% ಇಳಿಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಕೊಳ್ಳೋರು ಸ್ವಲ್ಪ ಕಮ್ಮಿ ಆದ್ರೂ ಒಂದೊಂದು ಪ್ಯಾಕಿಗೆ ಬರೋ ದುಡ್ಡು ಜಾಸ್ತಿ ಆಗೋದ್ರಿಂದ ಬೊಕ್ಕಸಕ್ಕೂ ನಷ್ಟ ಇಲ್ಲ. ಫಿಲಿಪ್ಪೀನ್ಸ್‌ನೋರು 2012ರಲ್ಲಿ ಕಾನೂನು ತಂದು, ಅಗ್ಗದ ಪ್ಯಾಕಿಗೆ 2.72 ಪೆಸೊ ಇದ್ದ ಟ್ಯಾಕ್ಸನ್ನ 2013ಕ್ಕೇ 12 ಪೆಸೊ ಮಾಡಿದ್ರು, 2017ಕ್ಕೆ ಎಲ್ಲಾ ಬ್ರಾಂಡಿಗೂ ಒಂದೇ, 30 ಪೆಸೊ. ಹೆಚ್ಚಿಗೆ ಬಂದ ದುಡ್ಡಲ್ಲಿ ಬಹುಪಾಲು ಬಡವರ ಆರೋಗ್ಯ ವಿಮೆ ಕಡೆ ಹೋಯ್ತು.
ನಿಮ್ಮಪ್ಪ ಯಾಕೆ ಬಿಟ್ಟಿಲ್ಲ ಅಂದ್ರೆ ಬೀಡಿ ತಂಟೆಗೆ ಯಾರೂ ಹೋಗಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ 28% ಮೇಲೆ ಸೆಸ್ಸೂ (ಹೆಚ್ಚುವರಿ ತೆರಿಗೆ) ಬಿತ್ತು, ಬೀಡಿಗೆ ಸೆಸ್ ಇರ್ಲಿಲ್ಲ. 2025ರ ಸೆಪ್ಟೆಂಬರಲ್ಲಿ ಜಿಎಸ್‌ಟಿ ಕೌನ್ಸಿಲ್‌ನೋರು ಸಿಗರೇಟನ್ನ 40%ಗೆ ಹತ್ತಿಸಿ ಬೀಡಿನ 18%ಗೆ ಇಳಿಸೋಕೆ ತೀರ್ಮಾನ ಮಾಡಿದ್ರು! 2016-17ರ ಸರ್ವೇಲಿ ದೇಶದ ವಯಸ್ಕರಲ್ಲಿ ಸಿಗರೇಟ್ ಸೇದೋರು 4%, ಬೀಡಿ 7.7%, ಅಗಿಯೋದು ಮೂಸೋದು ಎಲ್ಲಾ ಸೇರಿ 21.4%. ಜಾಸ್ತಿ ಟ್ಯಾಕ್ಸ್ ಬೀಳ್ತಿರೋದು ಯಾರ ಮೇಲೆ ಅಂತ ನೀವೇ ನೋಡಿ.

ಪೆಟ್ಟಿಗೆ ಅಂಗಡಿ, ಮಂಡ್ಯ:
ಮೇಷ್ಟ್ರು ಹೇಳಿದ್ದು ಸರಿ ಸಾ. ನಮ್ ಕಡೆ ಪೂರ್ತಿ ಪ್ಯಾಕ್ ಕೊಳ್ಳೋರು ಕಮ್ಮಿ, ಒಂದೊಂದೇ ಹೋಗೋದು (ಹಂಗೆ ಮಾರಂಗಿಲ್ಲ, ಗೊತ್ತು, ಬೈಬೇಡಿ). ರೇಟ್ ಏರಿದ್ ವಾರ ಉದ್ದದ ಕಿಂಗ್ ಸೈಜ್ ಸೇದೋನು ಚಿಕ್ಕದಕ್ಕೆ ಇಳೀತಾನೆ, ಚಿಕ್ಕದು ಸೇದೋನು ಎರಡು ದಿನ ನನ್ನೇ ಬೈದು ಮೂರನೇ ದಿನ ಬೀಡಿ ಕಟ್ಟು ಕೇಳ್ತಾನೆ. ಟ್ಯಾಕ್ಸ್ ಸಿಗರೇಟ್ ಉದ್ದದ ಮೇಲೆ ಅಲ್ವಾ, ಅದುಕ್ಕೇ ಕಂಪ್ನಿಯೋರು 64 ಎಂಎಂದು ತಂದಿದ್ದು, ಅವ್ರು ನಮಗಿಂತ ಮುಂಚೆ ಲೆಕ್ಕ ಹಾಕಿರ್ತಾರೆ.

ಪಿರಿಯಾಪಟ್ಟಣ ರೈತ:
ಹೈದ, ಹರಾಜಿನ ರೇಟಿಗೂ ಇಲ್ಲಿನ ಟ್ಯಾಕ್ಸಿಗೂ ಅಷ್ಟು ನೇರ ಸಂಬಂಧ ಇಲ್ಲ ಕಣಪ್ಪ. ನಮ್ ಸೊಪ್ಪಲ್ಲಿ ಸುಮಾರು ಭಾಗ ಹೊರದೇಶಕ್ಕೆ ಹೋಗ್ತದೆ, ಹಂಗೆ ಹೋಗೋ ಸೊಪ್ಪಿಗೆ ಇಲ್ಲಿನ ಸಿಗರೇಟ್ ಟ್ಯಾಕ್ಸ್ ತಾಕಲ್ಲ. ಬ್ರೆಜಿಲ್, ಜಿಂಬಾಬ್ವೆ ಕಡೆ ಬೆಳೆ ಹೆಂಗಿದೆ, ತಂಬಾಕು ಬೋರ್ಡ್‌ನೋರು ಎಷ್ಟು ಬೆಳೀರಿ ಅಂದವ್ರೆ, ನಾವು ಎಷ್ಟು ಮೀರಿದೀವಿ, ರೇಟ್ ನಿಲ್ಲೋದು ಅದ್ರ ಮೇಲೆ. ಹೋದ್ ಸೀಸನ್ ಒಬ್ಬ ಬಯ್ಯರ್ ನನ್ ಬೇಲ್ (ಸೊಪ್ಪಿನ ಹೊರೆ) ಬಿಚ್ಚಿ ಎರಡು ಎಲೆ ಎಳೆದು ಮೂಸಿ ಲೋ ಗ್ರೇಡ್ ಅಂದು ಮುಂದಕ್ಕೋದ, ಕೇಳಿದ್ರೆ ಟ್ಯಾಕ್ಸ್ ಜಾಸ್ತಿ ಆಗಿದೆಯಲ್ಲಣ್ಣ ಅಂದ. ನೆಪ ಬೇಕಲ್ಲ!
ಫಿಲಿಪ್ಪೀನ್ಸ್ ಅಂದ್ರಲ್ಲ ಮೇಷ್ಟ್ರೇ, ಅಲ್ಲಿ ವರ್ಜೀನಿಯಾ ಜಾತಿ ಹೊಗೆಸೊಪ್ಪು ಬೆಳೆಯೋ ಪ್ರಾಂತ್ಯಗಳಿಗೆ ಅದೇ ಸಿಗರೇಟಿನ ಎಕ್ಸೈಸ್ ಟ್ಯಾಕ್ಸಲ್ಲಿ 15% ಪಾಲು ಕೊಡ್ಬೇಕು ಅಂತ 1992ರಿಂದ ಕಾನೂನೇ ಇದೆ. ನಾವು ಬೆಳೆಯೋದೂ ವರ್ಜೀನಿಯಾನೇ. ಟ್ಯಾಕ್ಸ್ ಬೇಕಾದ್ರೆ ಏರಿಸ್ಲಿ, ಬ್ಯಾರನ್ ಕೆಡವಿ ಬೇರೆ ಬೆಳೆಗೆ ಹೋಗೋನಿಗೆ ಅದ್ರಲ್ಲೊಂದು ಪಾಲು ಕೊಡ್ಲಿ.

ಹುಣಸೂರು ಹೈದ:
15% ವಿಷ್ಯ ನಮ್ ಸಂಘದ ಮೀಟಿಂಗಲ್ಲಿ ಎತ್ತುತೀನಿ ಅಣ್ಣ. ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕಿರೋರು ಯಾರಾದ್ರೂ ಇದ್ರೆ ಖರ್ಚಿನ ಲೆಕ್ಕ ಹಾಕಿ ಪ್ಲೀಸ್, ಕೊಳೆರೋಗ ಬಂದ್ ವರ್ಷದ್ದೂ ಸೇರಿಸಿ.