ಸೌದಿಗೆ ‘ಫ್ರೀ ವೀಸಾ’, ಕೈಯಲ್ಲಿ ಇಸಿಆರ್ ಪಾಸ್‌ಪೋರ್ಟ್: ಏಜೆಂಟ್ ಹೇಳುವುದರಲ್ಲಿ ಎಷ್ಟು ನಿಜ?

(ವೇದಿಕೆಯೊಂದರ ಪ್ರಶ್ನೋತ್ತರ; ‘ಪ್ರಶ್ನೆ’, ‘ಉತ್ತರ’ದ ಮುಂದಿರುವುದು ಬರೆದವರ ಅಡ್ಡಹೆಸರು.)

ಪ್ರಶ್ನೆ: ಶಿರೂರು ಕಡೆಯವ

ಗಲ್ಫ್‌ಗೆ ಹೊರಟವರಿಗೆ ಅರ್ಜಿ ತುಂಬಿಕೊಡುವಾಗ ಪದೇ ಪದೇ ಎದುರಾಗುವ ವಿಷಯ ಇದು. ಈಗ ನನ್ನ ಬಳಿ ಬಂದಿರುವ ಹುಡುಗನ ವಯಸ್ಸು 24, ಓದಿದ್ದು 9ನೇ ತರಗತಿ, ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು ಎಂಬ ಮುದ್ರೆ) ಇದೆ. ಏಜೆಂಟ್ 1,20,000 ರೂಪಾಯಿಗೆ ಸೌದಿಯ ‘ಫ್ರೀ ವೀಸಾ’ ಕೊಡಿಸುತ್ತಾನಂತೆ. ವೀಸಾದಲ್ಲಿ ಹೌಸ್ ಡ್ರೈವರ್ ಅಂತ ಇರುತ್ತದೆ, ಜೆದ್ದಾಕ್ಕೆ ಹೋದ ಮೇಲೆ ಯಾವ ಅಂಗಡಿಯಲ್ಲಾದರೂ ದುಡಿಯಬಹುದಂತೆ. ‘ಕಫಾಲಾ (ಕೆಲಸಗಾರನನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವ ವ್ಯವಸ್ಥೆ) ಈಗ ಎಲ್ಲಿದೆ, 2021ರಲ್ಲೇ ತೆಗೆದರು’ ಎಂದೂ ಹೇಳುತ್ತಾನೆ. ಇದರಲ್ಲಿ ಯಾವುದನ್ನು ನಂಬಬೇಕು? ಇಸಿಆರ್ ಇದ್ದವರು ಸರಿಯಾದ ದಾರಿಯಲ್ಲಿ ಹೋಗಬೇಕಾದರೆ ಏನೇನು ಮಾಡಬೇಕು?

ಉತ್ತರ: ಇಕಾಮಾ

‘ಫ್ರೀ ವೀಸಾ’ ಎಂಬುದು ಸೌದಿ ಕಾನೂನಿನಲ್ಲೇ ಇಲ್ಲ. ಕಫೀಲ, ಎಂದರೆ ವೀಸಾ ಕೊಡಿಸುವ ಸೌದಿ ಮಾಲೀಕ, ತನ್ನ ಹೆಸರಿನಲ್ಲಿ ಕೆಲಸದವರ ವೀಸಾ ತೆಗೆದು ಮಾರುತ್ತಾನೆ. ಬಂದವನಿಗೆ ಕೆಲಸ ಕೊಡುವುದಿಲ್ಲ, ‘ಹೊರಗೆ ದುಡಿದುಕೋ, ತಿಂಗಳಿಗೆ ಇಷ್ಟು ನನಗೆ ಕೊಡು’ ಎನ್ನುತ್ತಾನೆ. ಅದನ್ನೇ ಊರಿನಲ್ಲಿ ಫ್ರೀ ಎಂದು ಕರೆಯುವುದು.

ಹೌಸ್ ಡ್ರೈವರ್ ವೀಸಾವೇ ಯಾಕೆ ಮಾರಾಟಕ್ಕೆ ಬರುತ್ತದೆ ಅಂದರೆ ಅದು ಅಗ್ಗ. ಕಂಪನಿಯ ವಿದೇಶಿ ಕೆಲಸಗಾರನ ತಲೆಗೆ ಮಾಲೀಕ ಸರ್ಕಾರಕ್ಕೆ ತಿಂಗಳಿಗೆ 700–800 ರಿಯಾಲ್ ಕಟ್ಟಬೇಕು. ಕೆಲವು ವಿನಾಯಿತಿ ಬಿಟ್ಟರೆ ವರ್ಷಕ್ಕೆ 9,600ರವರೆಗೆ ಏರುತ್ತದೆ. ಮನೆಯ ಚಾಲಕನ ಇಕಾಮಾಕ್ಕೆ (ಅಲ್ಲಿ ವಾಸಿಸುವ ಪರವಾನಗಿ) ವರ್ಷಕ್ಕೆ 600 ರಿಯಾಲ್ ಸಾಕು. ಈ ವ್ಯತ್ಯಾಸವೇ ಕಫೀಲನ ಲಾಭ.

ಇನ್ನು 2021ರ ಮಾತು. ಆ ವರ್ಷದ ಮಾರ್ಚ್ 14ರಿಂದ ಜಾರಿಯಾದ ಸುಧಾರಣೆಯಲ್ಲಿ, ಒಂದು ವರ್ಷ ದುಡಿದವನು ಮಾಲೀಕನ ಒಪ್ಪಿಗೆ ಇಲ್ಲದೆ ಬೇರೆ ಕಡೆ ವರ್ಗವಾಗಬಹುದು, ದೇಶ ಬಿಡಲು ತಾನೇ ಅರ್ಜಿ ಹಾಕಬಹುದು. ಆದರೆ ಮನೆಗೆಲಸದವರು, ಮನೆಯ ಚಾಲಕರು, ತೋಟದವರು, ಕುರಿ ಕಾಯುವವರು, ಕೃಷಿ ಕೆಲಸದವರು ಅದರ ವ್ಯಾಪ್ತಿಗೆ ಬರಲಿಲ್ಲ. ಅಂದರೆ ಸುಧಾರಣೆ ಮುಟ್ಟದ ಜಾಗಕ್ಕೇ ಏಜೆಂಟ್ ಈ ಹುಡುಗನನ್ನು ಕಳಿಸುತ್ತಿದ್ದಾನೆ. ವೀಸಾ ಪ್ರತಿ ಬಂದರೆ ಅರಬ್ಬಿ ಬಲ್ಲವರಿಂದ ವೃತ್ತಿಯ ಸಾಲನ್ನು ಓದಿಸಿ. ‘ಸಾಯಿಖ್ ಖಾಸ್’ ಎಂದಿದ್ದರೆ ಅದು ಮನೆಯ ಚಾಲಕ.

ಒಳಗೆ ಹೋಗುವುದು, ಅಲ್ಲಿ ಉಳಿಯುವುದು, ದುಡಿಯುವುದು: ಈ ಮೂರಕ್ಕೂ ಬೇರೆ ಬೇರೆ ಅನುಮತಿ. ಇಲ್ಲಿ ಮೊದಲ ಎರಡು ಸರಿ ಇರುತ್ತವೆ, ಮೂರನೆಯದು ಇರುವುದಿಲ್ಲ. ತಪಾಸಣೆಯಲ್ಲಿ ಸಿಕ್ಕರೆ ಗಡೀಪಾರು. ಕಫೀಲನಿಗೆ ಕೊಡುವ ದುಡ್ಡು ತಪ್ಪಿದರೆ ಆತ ‘ಹುರೂಬ್’ ಹಾಕುತ್ತಾನೆ, ಎಂದರೆ ಕೆಲಸ ಬಿಟ್ಟು ಓಡಿಹೋದ ಎಂದು ದೂರು ಕೊಡುತ್ತಾನೆ. ಆಮೇಲೆ ಊರಿಗೆ ಮರಳುವುದೂ ಕಷ್ಟ.

ಉತ್ತರ: ಪರವಾನಗಿ ನೋಡಿ

ಸರಿಯಾದ ದಾರಿ ಹೀಗಿದೆ. 10ನೇ ತರಗತಿ ಪಾಸಾಗದವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ, 1983ರ ವಲಸೆ ಕಾಯ್ದೆಯಂತೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಬೇಕು. ಇಸಿಆರ್ ಎಂದರೆ ಇಷ್ಟೇ. ವಯಸ್ಸು 50 ದಾಟಿದವರಿಗೆ, ಮೂರು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿ ಇದ್ದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಇದು ಬೇಡ.

ಮೊದಲು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ನೋಂದಣಿ ಹುಡುಕಿ. ಅದು ಇಂದಿಗೂ ಚಾಲ್ತಿಯಲ್ಲಿದೆಯೇ ನೋಡಿ. ‘ಮುಂಬೈ ಆಫೀಸಿನ ಪರವಾಗಿ ಊರಲ್ಲಿ ನಾನು’ ಎನ್ನುವ ಸಬ್-ಏಜೆಂಟ್‌ಗೆ ಕಾನೂನಿನ ಮಾನ್ಯತೆ ಇಲ್ಲ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿ 35,400. ಬ್ಯಾಂಕ್ ಮೂಲಕವೇ ಕೊಡಿ, ರಸೀದಿ ತೆಗೆದುಕೊಳ್ಳಿ.

ಗಲ್ಫ್ ಮೆಡಿಕಲ್ (ವೈದ್ಯಕೀಯ ತಪಾಸಣೆ) ಗಲ್ಫ್ ದೇಶಗಳ ‘ವಾಫಿದ್’ ಜಾಲತಾಣದ ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಆಗಬೇಕು. ಹೆಚ್ಚು ಜನ ಮುಗ್ಗರಿಸುವುದು ಎದೆಯ ಎಕ್ಸ್‌ರೇಯಲ್ಲಿ: ಹಿಂದೆಂದೋ ವಾಸಿಯಾದ ಕ್ಷಯದ ಕಲೆ ಕಂಡರೂ ‘ಅನ್‌ಫಿಟ್’ ಬರೆಯುತ್ತಾರೆ. ಆದ್ದರಿಂದ ಬೇರೆ ಕಡೆ ಸಾಲ ಮಾಡುವ ಮೊದಲೇ ಮೆಡಿಕಲ್ ಮುಗಿಸಿಕೊಳ್ಳುವುದು ಒಳ್ಳೆಯದು.

ಆಮೇಲೆ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ಕೊನೆಗೆ ಅನುಮತಿ ಶುಲ್ಕ 200 ರೂಪಾಯಿ. ಅನುಮತಿಗೆ ಹಾಕಿದ ಒಪ್ಪಂದದ ಪ್ರತಿಯನ್ನು ಮನೆಯವರ ಬಳಿ ಬಿಟ್ಟು ಹೋಗಲಿ. ಅಲ್ಲಿ ಇಳಿದ ಮೇಲೆ ಕಡಿಮೆ ಸಂಬಳದ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿಸುವುದು ಹಳೆಯ ಚಾಳಿ. ಆಗ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಏಜೆಂಟ್ ‘ವಿಸಿಟ್ ವೀಸಾದಲ್ಲಿ ದುಬೈಗೆ ಹೋಗು, ಅಲ್ಲಿಂದ ಕಳಿಸುತ್ತೇನೆ’ ಎಂದರೆ ಈ ಇಡೀ ವ್ಯವಸ್ಥೆಯನ್ನು ದಾಟಿಸುತ್ತಿದ್ದಾನೆ ಎಂದೇ ಅರ್ಥ. ವಿಮೆ, ನೋಂದಾಯಿತ ಒಪ್ಪಂದ ಎರಡೂ ಇರುವುದಿಲ್ಲ.

ಉತ್ತರ: ಬಡ್ಡಿ ಲೆಕ್ಕ

1,20,000ವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದರೆ ಮೊದಲ ತಿಂಗಳ ಬಡ್ಡಿಯೇ 3,600. ಸಂಬಳ 1,500 ರಿಯಾಲ್ ಎಂದುಕೊಳ್ಳಿ. ಕಫೀಲನಿಗೆ 300, ಊಟ-ರೂಮಿಗೆ 500 ಹೋದರೆ ಉಳಿಯುವುದು 700. ರಿಯಾಲ್‌ಗೆ 22 ರೂಪಾಯಿ ಎಂದುಕೊಂಡರೆ 15,400 ರೂಪಾಯಿ. ಮನೆಗೆ ಒಂದು ರೂಪಾಯಿ ಕಳಿಸದೆ ಎಲ್ಲವನ್ನೂ ಸಾಲಕ್ಕೆ ಸುರಿದರೂ ಒಂಬತ್ತು ತಿಂಗಳು ಬೇಕು. ಕೆಲಸ ಸಿಗುವುದು ಎರಡು ತಿಂಗಳು ತಡವಾದರೆ ವರ್ಷದ ಹತ್ತಿರ. ಆ ವರ್ಷವಿಡೀ ಹುಡುಗ ಏನನ್ನೂ ಪ್ರಶ್ನಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳದಿದ್ದರೂ ಸಾಲವೇ ಅವನನ್ನು ಕಟ್ಟಿಹಾಕುತ್ತದೆ.

ವಲಸೆ ನೀತಿಯ ದೊಡ್ಡ ಜಗಳವೂ ಇದೇ. ನೇಮಕಾತಿಯ ಖರ್ಚು ಮಾಲೀಕನದ್ದು, ಕೆಲಸಗಾರನದ್ದಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳುತ್ತದೆ. ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿಯೂ ನೇಮಕಾತಿ ಶುಲ್ಕ, ಇಕಾಮಾ, ನವೀಕರಣ ಎಲ್ಲವನ್ನೂ ಮಾಲೀಕನ ತಲೆಗೇ ಹಾಕುತ್ತದೆ. ನಮ್ಮ ನಿಯಮ ಮಾತ್ರ ಕೆಲಸಗಾರನಿಂದ 30,000 ಪಡೆಯಲು ಬಿಡುತ್ತದೆ. ಪರವಾನಗಿ ಇಲ್ಲದ ಏಜೆಂಟ್‌ಗೆ 1983ರ ಕಾಯ್ದೆ ಇಟ್ಟ ದಂಡ ಎಷ್ಟು ಗೊತ್ತೇ? ಜೈಲು ಎರಡು ವರ್ಷದವರೆಗೆ, ದಂಡ 2,000 ರೂಪಾಯಿವರೆಗೆ. ಒಬ್ಬನಿಂದ ಲಕ್ಷ ಕೀಳುವವನಿಗೆ ಅದು ಯಾವ ಲೆಕ್ಕ?

ಉತ್ತರ: ಪಡುವಣ

ಒಂದು ಆಕ್ಷೇಪ. ಇಸಿಆರ್ ಪೂರ್ತಿ ರಕ್ಷಣೆ ಎಂಬಂತೆ ಮೇಲೆ ಬರೆದಿದ್ದಾರೆ. ಮಹಿಳೆಯರ ವಿಷಯದಲ್ಲಿ ಅದು ಅನೇಕ ಬಾರಿ ಉಲ್ಟಾ ಹೊಡೆದಿದೆ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಗಳು ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು, ಅದೂ ಸರ್ಕಾರಿ ಸಂಸ್ಥೆಗಳ ಮೂಲಕ. ಬಡತನ 30 ತುಂಬುವವರೆಗೆ ಕಾಯುವುದಿಲ್ಲ. 25ರ ಹೆಂಗಸು ವಿಸಿಟ್ ವೀಸಾ ಹಿಡಿದು ಹೋಗುತ್ತಾಳೆ, ತೊಂದರೆ ಆದಾಗ ಯಾವ ದಾಖಲೆಯಲ್ಲೂ ಅವಳ ಮಾಲೀಕನ ಹೆಸರು ಸಿಗುವುದಿಲ್ಲ. ತಡೆಯುವುದನ್ನೇ ಕಾಪಾಡುವುದು ಎಂದುಕೊಂಡರೆ ಹೀಗಾಗುತ್ತದೆ. 2021ರ ಕರಡು ವಲಸೆ ಮಸೂದೆಯ ಸುತ್ತಲಿನ ಚರ್ಚೆಯಲ್ಲೂ ಈ ಮಾತು ಬಂದಿತ್ತು.

ಪದಗಳ ಬಗ್ಗೆಯೂ ಎಚ್ಚರ ಇರಲಿ. ಇಂಥ ಹುಡುಗರನ್ನು ‘ಅಕ್ರಮ ವಲಸಿಗ’ ಎಂದು ಕರೆಯಬೇಡಿ. ಅಕ್ರಮವಾಗಿರುವುದು ಕೆಲಸದ ಕಾಗದ. ಹಾಗೆಯೇ ಎಲ್ಲವನ್ನೂ ಮಾನವ ಸಾಗಣೆ ಎಂದು ದೂರಿನಲ್ಲಿ ಬರೆದರೆ ಪ್ರಕರಣ ನಿಲ್ಲುವುದಿಲ್ಲ. ಮಾನವ ಸಾಗಣೆ ತಡೆಯುವ ವಿಶ್ವಸಂಸ್ಥೆಯ ಒಪ್ಪಂದವಾದ 2000ದ ಪಲೆರ್ಮೊ ಪ್ರೋಟೊಕಾಲ್ ಪ್ರಕಾರ ವಯಸ್ಕರ ವಿಷಯದಲ್ಲಿ ಮೂರು ಅಂಶ ಸೇರಬೇಕು: ಕರೆದೊಯ್ಯುವ ಕೃತ್ಯ, ಮೋಸ ಅಥವಾ ಬಲವಂತದ ವಿಧಾನ, ಶೋಷಣೆಯ ಉದ್ದೇಶ. ಬರೀ ಹೆಚ್ಚು ದುಡ್ಡು ಕಿತ್ತದ್ದಾದರೆ ವಂಚನೆ ಮತ್ತು ವಲಸೆ ಕಾಯ್ದೆಯ ಉಲ್ಲಂಘನೆ ಎಂದು ದೂರು ಕೊಡಿ.

ಉತ್ತರ: ಪರವಾನಗಿ ನೋಡಿ

ಪಡುವಣ ಅವರೇ, ವಯಸ್ಸಿನ ಮಿತಿಯ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಇಸಿಆರ್ ತೆಗೆದುಹಾಕಿದರೆ ಕಡ್ಡಾಯ ವಿಮೆಯೂ ಒಪ್ಪಂದದ ಪರಿಶೀಲನೆಯೂ ಜೊತೆಗೇ ಹೋಗುತ್ತವೆ. ಮೊದಲು ಅವೆರಡನ್ನು ಎಲ್ಲ ಕೆಲಸಗಾರರಿಗೂ ವಿಸ್ತರಿಸಲಿ, ಆಮೇಲೆ ಆ ಮುದ್ರೆ ತೆಗೆಯಲಿ.

ಶಿರೂರು ಕಡೆಯವ

ಎಲ್ಲರಿಗೂ ಧನ್ಯವಾದ. ಇ-ಮೈಗ್ರೇಟ್‌ನಲ್ಲಿ ಏಜೆಂಟನ ಹೆಸರು ಸಿಗಲಿಲ್ಲ. ಹುಡುಗ ಈಗಾಗಲೇ 20,000 ಮುಂಗಡ ಮತ್ತು ಪಾಸ್‌ಪೋರ್ಟ್ ಕೊಟ್ಟಿದ್ದಾನೆ, ರಸೀದಿ ಇಲ್ಲ. ಈಗ?

ಉತ್ತರ: ಇಕಾಮಾ

ಮೊದಲು ಪಾಸ್‌ಪೋರ್ಟ್. 1967ರ ಕಾಯ್ದೆಯ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು, ಏಜೆಂಟ್ ಅಡವು ಇಟ್ಟುಕೊಳ್ಳುವಂತಿಲ್ಲ. ದುಡ್ಡಿನ ಮಾತು ಎತ್ತದೆ ‘ಬ್ಯಾಂಕಿಗೆ ಬೇಕು’ ಎಂದು ವಾಪಸ್ ತರಲಿ. ಸಿಕ್ಕ ಮೇಲೆ ವಾಟ್ಸಾಪಿನಲ್ಲಿ ‘20,000 ಯಾವಾಗ ಹಿಂದಿರುಗಿಸುತ್ತೀರಿ’ ಎಂದು ಬರೆಯಲಿ. ಆತ ಏನು ಉತ್ತರಿಸಿದರೂ ಅದು ದಾಖಲೆ. ಆ ಸಂದೇಶಗಳು, ಹಣ ಬ್ಯಾಂಕಿನಿಂದ ತೆಗೆದ ದಿನದ ವಿವರ, ವೀಸಾ ಪ್ರತಿ ಇದ್ದರೆ ಅದನ್ನೂ ಸೇರಿಸಿ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ಇ-ಮೈಗ್ರೇಟ್ ದೂರು ವಿಭಾಗದಲ್ಲಿ ವಲಸಿಗರ ರಕ್ಷಣಾಧಿಕಾರಿಗೆ ಹಾಕಿ. ಪಾಸ್‌ಪೋರ್ಟ್ ಕೊಡದೆ ಸತಾಯಿಸಿದರೆ ದೂರಿನಲ್ಲಿ ಅದನ್ನೇ ಮೊದಲ ಸಾಲಾಗಿ ಬರೆಯಿರಿ.